ಕುತ್ತಿಗೆಯ ಗಂಟು ಕರಗಿದ ಮೇಲೆ

ಇಂದು ನಾನು ಹೇಳಬೇಕೆಂದಿರುವುದು ಮಕ್ಕಳಿಗೂ ಹರೆಯಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗೂ ಬರುವ ಒಂದು ಕ್ಯಾನ್ಸರಿನ ವಿಷಯ. ಹೆಸರು ಕೇಳಿದೊಡನೆ ರೇಡಿಯೊ ಬಂದ್ ಮಾಡಬೇಡಿರಿ. ಇದು ಅಪರೂಪದ ರೋಗ. ನಮ್ಮ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಇದು ಬಂದ ಒಂದೇ ಒಂದು ಮಗುವನ್ನೂ ನೀವು ಜೀವಮಾನದಲ್ಲಿ ಕಾಣದೇ ಇರಬಹುದು. ಆದರೂ ಹೇಳುತ್ತೇನೆ, ಏಕೆಂದರೆ ಇದು ವಾಸಿಯಾಗುವ ಕ್ಯಾನ್ಸರು. ಔಷಧ ಇದೆ, ಯಂತ್ರ ಇದೆ, ಬಲ್ಲ ವೈದ್ಯರೂ ಇದ್ದಾರೆ. ಆದರೆ ಎರಡು ಕಡೆ ನಾವು ಎಡವುತ್ತೇವೆ. ಒಂದು, ರೋಗ ಯಾವುದೆಂದು ಗೊತ್ತಾಗುವ ಮೊದಲು. ಇನ್ನೊಂದು, ರೋಗ ಹೋಯಿತು ಎಂದು ಕಣ್ಣಿಗೆ ಕಂಡ ಮೇಲೆ. ಈ ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

ನಾನು ವೈದ್ಯನಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ನಮ್ಮ ಓಣಿಯ ಒಬ್ಬ ಹುಡುಗನಿಗೆ 2016ರಲ್ಲಿ ಈ ರೋಗ ಬಂದಾಗ, ಅವರ ಮನೆಯಲ್ಲಿ ಇಂಗ್ಲಿಷ್ ಕಾಗದ ಓದಬಲ್ಲವರು, ಫಾರ್ಮು ತುಂಬಬಲ್ಲವರು ಇರಲಿಲ್ಲ. ನಾನು ಜೊತೆಗೆ ಹೋದೆ. ಒಂದು ಸಲ ಹೋದವನು ಹತ್ತು ಸಲ ಹೋಗಬೇಕಾಯಿತು. ವೈದ್ಯರು ಹೇಳಿದ್ದನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಂಡೆ, ತಿಳಿಯದ್ದನ್ನು ನಾಚದೆ ಮತ್ತೆ ಕೇಳಿದೆ, ಆಮೇಲೆ ಸಿಕ್ಕ ವರದಿಗಳನ್ನು ಓದಿಸಿಕೊಂಡೆ. ಈ ಮಾತುಗಳು ಆ ವಹಿಯಿಂದ ಬಂದವು. ಹುಡುಗನ ಹೆಸರು ಹೇಳುವುದಿಲ್ಲ. ಅವನು ಈಗ ದೊಡ್ಡವನಾಗಿದ್ದಾನೆ, ಊರೆಲ್ಲ ಮಾತಾಡುವುದು ಅವನಿಗೆ ಬೇಡ.

ಮೊದಲು ಜಾಗ ಯಾವುದೆಂದು ತಿಳಿಯೋಣ. ಕನ್ನಡಿಯ ಮುಂದೆ ಬಾಯಿ ತೆರೆದರೆ ಹಿಂದೆ ಕಿರುನಾಲಗೆ ತೂಗುವುದು ಕಾಣುತ್ತದೆ. ಅದರ ಹಿಂದಿನಿಂದ ಮೇಲಕ್ಕೆ, ಮೂಗಿನ ದಾರಿ ಮುಗಿಯುವಲ್ಲಿ, ತಲೆಬುರುಡೆಯ ತಳಕ್ಕೆ ಅಂಟಿಕೊಂಡು ಒಂದು ಸಣ್ಣ ಪೊಟರೆಯಂಥ ಜಾಗ ಇದೆ. ಮೂಗನ್ನೂ ಗಂಟಲನ್ನೂ ಕೂಡಿಸುವ ಆ ಸಂಧಿಗೆ ವೈದ್ಯರು ನೇಸೋಫೆರಿಂಕ್ಸ್ ಎನ್ನುತ್ತಾರೆ. ನಾವು ಮೂಗುಗಂಟಲು ಎನ್ನೋಣ. ಬಾಯಿ ತೆರೆದರೂ ಅದು ಕಾಣದು, ಮೂಗಿನಲ್ಲಿ ಇಣುಕಿದರೂ ಕಾಣದು. ಹಳೆಯ ವಾಡೆಯ ಹಗೇವು ಇದ್ದಂತೆ, ದೀಪ ಹಿಡಿದು ಇಳಿದವನಿಗಷ್ಟೇ ಒಳಗೆ ಏನಿದೆ ಎಂದು ಗೊತ್ತು.

ಎರಡೂ ಕಿವಿಗಳಿಂದ ಒಂದೊಂದು ಸಣ್ಣ ಕೊಳವೆ ಬಂದು ಇಲ್ಲಿಯೇ ಬಾಯಿ ತೆರೆಯುತ್ತದೆ. ಬಸ್ಸು ಘಾಟು ಹತ್ತುವಾಗ ಕಿವಿ ಮುಚ್ಚಿದಂತಾಗಿ, ಉಗುಳು ನುಂಗಿದರೆ ಪಟ್ಟನೆ ಬಿಡುತ್ತದಲ್ಲ, ಅದು ಈ ಕೊಳವೆಯ ಕೆಲಸ. ಆದ್ದರಿಂದ ಮೂಗುಗಂಟಲಿನಲ್ಲಿ ಗಡ್ಡೆ ಎದ್ದರೆ ಅದರ ಗುರುತು ಬೇರೆ ಕಡೆ ತೋರುತ್ತದೆ. ಕೊಳವೆಯ ಬಾಯಿ ಮುಚ್ಚಿ ಒಂದು ಕಿವಿ ಮಂದವಾಗುತ್ತದೆ, ಒಳಗೆ ನೀರು ತುಂಬಿದಂತೆ ಗುಂಯ್‌ಗುಡುತ್ತದೆ. ಮೂಗು ಕಟ್ಟಿ, ನೆಗಡಿ ಹೋದರೂ ಬಿಡುವುದಿಲ್ಲ. ಮೂಗಿನಿಂದ ಇಲ್ಲವೆ ಬೆಳಗಿನ ಕಫದಲ್ಲಿ ರಕ್ತ ಕಾಣುತ್ತದೆ. ಗಡ್ಡೆ ಮೇಲಕ್ಕೆ ಸರಿದರೆ ತಲೆನೋವು, ಒಂದು ವಸ್ತು ಎರಡಾಗಿ ಕಾಣುವುದು, ಮುಖದ ಒಂದು ಬದಿ ಜೋಮು ಹಿಡಿಯುವುದು. ಆದರೆ ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮನೆಯವರ ಕಣ್ಣಿಗೆ ಬೀಳುವುದು ಕುತ್ತಿಗೆಯ ಗಂಟು. ಕಿವಿಯ ಕೆಳಗೆ, ದವಡೆಯ ಹಿಂದೆ, ಮುಟ್ಟಿದರೆ ನೋವಿಲ್ಲ, ಗಟ್ಟಿ. ಕೆಲವರಿಗೆ ಎರಡೂ ಬದಿಗೆ.

ನಮ್ಮ ಹುಡುಗನಿಗೆ ಆಗ 13 ವರ್ಷ, ಕನ್ನಡ ಶಾಲೆಯ ಎಂಟನೆಯ ಇಯತ್ತೆ. ಮೊದಲು ತಪ್ಪತೊಡಗಿದ್ದು ಉಕ್ತಲೇಖನ. ಲಕ್ಷ್ಯ ಇಲ್ಲ ಎಂದು ಮಾಸ್ತರರು ಬೈದರು, ಅಪ್ಪನೂ ಬೈದ. ಕಿವಿಗೆ ಎಣ್ಣೆ ಹಾಕಿದರು, ಆಮೇಲೆ ಅಂಗಡಿಯ ಹನಿ ಔಷಧ ಹಾಕಿದರು. ದೀಪಾವಳಿಯ ಹೊತ್ತಿಗೆ ಕುತ್ತಿಗೆಯಲ್ಲಿ ಬೋರೆಹಣ್ಣಿನಷ್ಟು ಗಂಟು. ನಮ್ಮಲ್ಲಿ ಕನ್ನಡದವರೂ ಗಂಡಮಾಲೆ ಎನ್ನುತ್ತಾರೆ, ಮರಾಠಿಯವರೂ ಗಂಡಮಾಳ ಎನ್ನುತ್ತಾರೆ; ಹೆಸರು ಒಂದೇ, ಲೇಪ ಹಚ್ಚುವವರೂ ಅವರೇ. ಲೇಪ ಆಯಿತು. ನಂತರ ಒಬ್ಬ ವೈದ್ಯರು ಕೈಯಿಂದ ಮುಟ್ಟಿ ನೋಡಿ, ಇದು ಕ್ಷಯದ ಗಂಟು ಎಂದು ಕ್ಷಯದ ಗುಳಿಗೆ ಶುರು ಮಾಡಿದರು. ನಾಲ್ಕು ತಿಂಗಳು ನುಂಗಿದ. ಗಂಟು ಬೋರೆಹಣ್ಣು ಹೋಗಿ ನಿಂಬೆಹಣ್ಣಾಯಿತು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಮಕ್ಕಳ ಕುತ್ತಿಗೆಯಲ್ಲಿ ಗಂಟು ಬರುವುದು ಬಹು ಸಾಮಾನ್ಯ. ಗಂಟಲು ನೋವು, ಹುಳುಕುಹಲ್ಲು, ತಲೆಯ ಹುಣ್ಣು, ಇವಕ್ಕೆಲ್ಲ ಗಂಟು ಏಳುತ್ತದೆ, ಎರಡು ಮೂರು ವಾರಕ್ಕೆ ಇಳಿಯುತ್ತದೆ. ಇಳಿಯದೆ ಉಳಿದ ಗಂಟುಗಳಲ್ಲಿ ನಮ್ಮ ದೇಶದಲ್ಲಿ ಕ್ಷಯವೇ ಹೆಚ್ಚು. ಆದ್ದರಿಂದ ಕ್ಷಯ ಎಂದು ಸಂಶಯಪಟ್ಟದ್ದು ತಪ್ಪಲ್ಲ. ಪರೀಕ್ಷೆ ಇಲ್ಲದೆ ಗುಳಿಗೆ ಶುರು ಮಾಡಿದ್ದು ತಪ್ಪು. ಗಂಟಿಗೆ ಸಣ್ಣ ಸೂಜಿ ಚುಚ್ಚಿ ಒಳಗಿನದನ್ನು ತೆಗೆದು ನೋಡುವ ಪರೀಕ್ಷೆ ಇದೆ. ಅದೇ ಮಾದರಿಯನ್ನು ಸಿಬಿನಾಟ್ ಯಂತ್ರಕ್ಕೆ ಹಾಕಿದರೆ ಕ್ಷಯದ ಕ್ರಿಮಿ ಇದೆಯೋ ಎಂದು ತಿಳಿಯುತ್ತದೆ, ಸರಕಾರದ ಕ್ಷಯ ಕಾರ್ಯಕ್ರಮದಲ್ಲಿ ಇದು ಪುಕ್ಕಟೆ. ಗಂಟು ಮೂರು ವಾರ ಮೀರಿ ಉಳಿದಿದ್ದರೆ, "ಡಾಕ್ಟರ್ ಸಾಹೇಬರೇ, ಸೂಜಿ ಪರೀಕ್ಷೆ ಮಾಡೋಣವೇ?" ಎಂದು ನೀವೇ ಕೇಳಿರಿ. ಕ್ಷಯದ ಗುಳಿಗೆ ನುಂಗುತ್ತ ಒಂದೆರಡು ತಿಂಗಳಾದರೂ ಗಂಟು ಬೆಳೆಯುತ್ತಲೇ ಇದ್ದರೆ ಮತ್ತೆ ಕೇಳಿರಿ. ಗಂಟಿನ ಜೊತೆಗೆ ಒಂದೇ ಕಿವಿ ಮಂದ, ಇಲ್ಲವೆ ಮೂಗಿನ ರಕ್ತ, ಈ ಎರಡು ಕೂಡಿದರೆ ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೇ ನೇರ ಹೋಗಿರಿ.

ನಮ್ಮ ಹುಡುಗನಿಗೆ ಒಂದು ರಾತ್ರಿ ಮೂಗಿನಿಂದ ರಕ್ತ ಸುರಿದು ದಿಂಬು ತೊಯ್ದಾಗ ಸೊಲ್ಲಾಪುರಕ್ಕೆ ಓಡಿದರು. ಅಲ್ಲಿ ಒಬ್ಬ ತರುಣ ವೈದ್ಯೆ ಮೂಗಿನೊಳಗೆ ತೆಳ್ಳನೆಯ ದುರ್ಬೀನು ಇಳಿಸಿ, ಎರಡು ನಿಮಿಷ ನೋಡಿ, ಏನೂ ಮಾತಾಡದೆ ಸ್ಕ್ಯಾನಿಗೆ ಬರೆದುಕೊಟ್ಟರು. ನಂತರ ಅಲ್ಲಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೊದಲು ಸ್ಕ್ಯಾನು, ಆಮೇಲೆ ಚೂರು. ಇದಕ್ಕೂ ಕಾರಣ ಇದೆ. ಹರೆಯದ ಗಂಡುಹುಡುಗರಲ್ಲಿ ಅದೇ ಜಾಗದಲ್ಲಿ ರಕ್ತನಾಳಗಳದ್ದೇ ಒಂದು ಗಡ್ಡೆ ಬರುವುದುಂಟು. ಅದು ಕ್ಯಾನ್ಸರಲ್ಲ, ಆದರೆ ತಿಳಿಯದೆ ಚೂರು ಕತ್ತರಿಸಿದರೆ ರಕ್ತ ನಿಲ್ಲುವುದಿಲ್ಲ.

ಚೂರು ತೆಗೆಯುವುದೆಂದರೆ ನಮ್ಮ ಜನಕ್ಕೆ ದೊಡ್ಡ ಭಯ. ಕಬ್ಬಿಣ ತಾಕಿದರೆ ರೋಗ ಮೈಗೆಲ್ಲ ಹರಡುತ್ತದೆ ಎನ್ನುತ್ತಾರೆ. ಹರಡುವುದು ಕಬ್ಬಿಣದಿಂದಲ್ಲ, ಕಬ್ಬಿಣ ಬೇಡವೆಂದು ಕಳೆದ ತಿಂಗಳುಗಳಿಂದ. ಚೂರಿನ ವರದಿ ಇಲ್ಲದೆ ಯಾವ ಆಸ್ಪತ್ರೆಯೂ ಸರಿಯಾದ ಚಿಕಿತ್ಸೆ ಕೊಡಲಾರದು.

ವರದಿ ಬಂದ ದಿನ ತಾಯಿ ಕೇಳಿದ್ದು ಒಂದೇ: "ನಾ ಏನ ತಿನಿಸಿದ್ದಕ್ಕ ಹಿಂಗಾತ್ರಿ ಕಾಕಾ?" ಆಕೆಗೆ ನಾನು ಆಗ ಕೊಡಲಾರದ ಉತ್ತರವನ್ನು ಈಗ ಕೊಡುತ್ತೇನೆ. ಏನೂ ತಿನ್ನಿಸಿದ್ದಕ್ಕಲ್ಲ ತಾಯಿ. ಮಕ್ಕಳಲ್ಲಿ ಬರುವ ಈ ಕ್ಯಾನ್ಸರಿನ ಜೀವಕೋಶಗಳೊಳಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಎಪ್‌ಸ್ಟೈನ್ ಬಾರ್ ಎಂಬ ವೈರಸ್ಸು ಸಿಗುತ್ತದೆ. 1964ರಲ್ಲಿ ಲಂಡನ್ನಿನಲ್ಲಿ ಆಂಟನಿ ಎಪ್‌ಸ್ಟೈನ್, ಬರ್ಟ್ ಅಚಾಂಗ್ ಮತ್ತು ಇವೋನ್ ಬಾರ್ ಎಂಬ ಮೂವರು, ಆಫ್ರಿಕದ ಯುಗಾಂಡದಿಂದ ತರಿಸಿದ ಮಕ್ಕಳ ದವಡೆಗಡ್ಡೆಯ ಚೂರಿನಲ್ಲಿ ಇದನ್ನು ಕಂಡರು. ಆದರೆ ಈ ವೈರಸ್ಸು ನಿಮ್ಮ ಮೈಯಲ್ಲೂ ಇದೆ, ನನ್ನ ಮೈಯಲ್ಲೂ ಇದೆ. ಎಂಜಲಿನ ಮೂಲಕ ಬಹಳಷ್ಟು ಜನಕ್ಕೆ ಚಿಕ್ಕಂದಿನಲ್ಲೇ ತಗಲಿ ಸುಮ್ಮನೆ ಕೂತಿರುತ್ತದೆ. ಲಕ್ಷಾಂತರ ಜನರಲ್ಲಿ ಯಾರೋ ಒಬ್ಬರಲ್ಲಿ, ಹುಟ್ಟಿನಿಂದ ಬಂದ ಗುಣವೂ ಕೂಡಿ, ಅದು ಕ್ಯಾನ್ಸರಿಗೆ ದಾರಿಯಾಗುತ್ತದೆ. ದಕ್ಷಿಣ ಚೀನದಲ್ಲಿ, ಉತ್ತರ ಆಫ್ರಿಕದಲ್ಲಿ, ನಮ್ಮ ದೇಶದ ನಾಗಾಲ್ಯಾಂಡ್ ಮಣಿಪುರಗಳ ಕಡೆ ಈ ರೋಗ ಹೆಚ್ಚು. ಚೀನದ ಆ ಭಾಗದಲ್ಲಿ ಎಳೆಯ ಮಕ್ಕಳಿಗೂ ತಿನ್ನಿಸುವ ಒಂದು ಬಗೆಯ ಉಪ್ಪುಮೀನಿಗೂ ಇದಕ್ಕೂ ನಂಟು ಇದೆಯೆಂದು ಸಿದ್ಧವಾಗಿದೆ. ಜೋಳದ ರೊಟ್ಟಿ ಉಂಡ ಮಗುವಿನ ತಾಯಿ ತನ್ನ ಕೈಯನ್ನು ತಾನು ಶಪಿಸಿಕೊಳ್ಳಬೇಕಾಗಿಲ್ಲ. ಕ್ಯಾನ್ಸರು ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಆ ಹುಡುಗನಿಗೆ ಬೇರೆ ತಾಟು, ಬೇರೆ ಚೆರಿಗೆ ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಅವನು ಆ ತಾಟಿನಲ್ಲಿ ಉಣ್ಣುವುದನ್ನೇ ಬಿಟ್ಟಿದ್ದ.

ಇನ್ನು ಚಿಕಿತ್ಸೆಗೆ ಬರೋಣ. ಗಡ್ಡೆ ಎಂದರೆ ಕೊಯ್ದು ತೆಗೆಯುವುದು ಎಂದು ನಮ್ಮ ತಿಳುವಳಿಕೆ. ಇಲ್ಲಿ ಹಾಗಲ್ಲ. ಆ ಜಾಗ ತಲೆಬುರುಡೆಯ ಬುಡ. ಮೆದುಳಿಗೆ ಹೋಗುವ ರಕ್ತನಾಳ, ಕಣ್ಣು ಮುಖಗಳ ನರಗಳು ಅಲ್ಲಿಯೇ ಹಾಯುತ್ತವೆ. ಚಾಕು ಆಡಿಸಲು ಸ್ಥಳ ಇಲ್ಲ. ಅದೃಷ್ಟಕ್ಕೆ ಈ ಗಡ್ಡೆ ಔಷಧಕ್ಕೂ ವಿಕಿರಣಕ್ಕೂ ಚೆನ್ನಾಗಿ ಬಗ್ಗುತ್ತದೆ. ಆದ್ದರಿಂದ ಮೊದಲು ಔಷಧ, ಅಂದರೆ ಕಿಮೊ. ಆಮೇಲೆ ವಿಕಿರಣ, ಅದರ ಜೊತೆಗೆ ಮತ್ತೆ ಸ್ವಲ್ಪ ಔಷಧ. ಮಕ್ಕಳಲ್ಲಿ ಸಾಮಾನ್ಯವಾಗಿ ಹಿಡಿಯುವ ದಾರಿ ಇದು.

ಮೊದಲಿನ ಕಿಮೊದಲ್ಲಿ ಹೆಚ್ಚಾಗಿ ಎರಡು ಔಷಧ: ಸಿಸ್‌ಪ್ಲಾಟಿನ್ ಮತ್ತು ಫ್ಲೂರೊಯುರಾಸಿಲ್. ಮೂರು ವಾರಕ್ಕೊಂದರಂತೆ ಮೂರು ಸುತ್ತು. ಪ್ರತಿ ಸುತ್ತಿಗೆ ನಾಲ್ಕೈದು ದಿನ ಆಸ್ಪತ್ರೆಯ ವಾಸ. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಬಿಗಿ, ಆದ್ದರಿಂದ ಬಾಟಲಿಗಟ್ಟಲೆ ಸಲಾಯಿನ್ ಹಚ್ಚಿ ತೊಳೆಯುತ್ತಾರೆ. ವಾಂತಿ ಬರುತ್ತದೆ, ಅದನ್ನು ತಡೆಯುವ ಔಷಧಗಳು ಈಗ ಚೆನ್ನಾಗಿವೆ, ಕೇಳಿ ಪಡೆಯಿರಿ. ಕೂದಲು ಉದುರಿದರೆ ಮತ್ತೆ ಬರುತ್ತದೆ. ಕಿಮೊ ಆದ ವಾರದೊಳಗೋ ಎರಡು ವಾರದೊಳಗೋ ರಕ್ತದ ಬಿಳಿಕಣ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿರಿ. ಮನೆಯಲ್ಲಿ ಕ್ರೋಸಿನ್ ಕೊಟ್ಟು ಮಲಗಿಸಬೇಡಿರಿ. ರಾತ್ರಿ ಎರಡು ಗಂಟೆಯಾದರೂ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಡಿರಿ. ಕ್ಯಾನ್ಸರಿನಿಂದ ಉಳಿಯಬೇಕಾದ ಮಗು ಒಂದು ರಾತ್ರಿಯ ಜ್ವರಕ್ಕೆ ಹೋಗಬಹುದು.

ಒಂದನೆಯ ಸುತ್ತಾದ ಹದಿನೈದು ದಿನಕ್ಕೆ ನಮ್ಮ ಹುಡುಗನ ಗಂಟು ಅರ್ಧ ಇಳಿದಿತ್ತು. ಎರಡನೆಯದರ ನಂತರ ಕೈಗೇ ಸಿಗುತ್ತಿರಲಿಲ್ಲ. ಮೂಗು ಬಿಟ್ಟಿತು, ಕಿವಿ ತುಸು ತೆರೆಯಿತು. ಮನೆಯಲ್ಲಿ ಹೋಳಿಗೆ ಮಾಡಿದರು, ನನ್ನನ್ನೂ ಕರೆದರು. ಉಣ್ಣುವಾಗ ಅವನ ಅಜ್ಜಿ ಅಂದರು: "ಗಂಟ ಕರಗೇತಲ್ಲೊ ತಮ್ಮಾ, ಇನ್ನ ಕೂಸಿಗಿ ಆ ಕರೆಂಟ ಕೊಟ್ಟು ಯಾಕ ಸುಡಸ್ತೀರಿ?" ಅಪ್ಪ ತಲೆ ತಗ್ಗಿಸಿ, "ಕಬ್ಬಿನ ಬಿಲ್ಲೂ ಇನ್ನ ಬಂದಿಲ್ರಿ ಕಾಕಾ" ಎಂದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಗಂಟು ನಿಜವಾಗಿಯೂ ಇರಲಿಲ್ಲ, ಹಣವೂ ಇರಲಿಲ್ಲ.

ಕೇಳುಗರೇ, ಬಹಳ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಇಂಥ ಹೋಳಿಗೆಯ ದಿನದಂದೇ. ಮಗು ಹಾಸಿಗೆ ಹಿಡಿದಾಗ ಯಾರೂ ಬಿಡುವುದಿಲ್ಲ, ಹೊಲ ಮಾರಿಯಾದರೂ ಓಡುತ್ತಾರೆ. ಮಗು ಎದ್ದು ಆಡತೊಡಗಿದಾಗ ಬಿಡುತ್ತಾರೆ. ನಾನು ಅಂದು ನನಗೆ ತಿಳಿದ ಭಾಷೆಯಲ್ಲಿ ಹೇಳಿದೆ: ಹನ್ನೆರಡು ಕಂತಿನ ಸಾಲದಲ್ಲಿ ಮೊದಲ ಎರಡು ಕಂತು ಕಟ್ಟಿದಾಗ ನೋಟೀಸು ಬರುವುದು ನಿಲ್ಲುತ್ತದೆ, ಖಾತೆ ಮುಚ್ಚುವುದಿಲ್ಲ. ಬಾಕಿ ಉಳಿದದ್ದಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕಿಮೊದಿಂದ ಕಣ್ಣಿಗೆ ಕಾಣುವ ಗಡ್ಡೆ ಕರಗುತ್ತದೆ. ಕಾಣದ ಜೀವಕೋಶಗಳು ಮೂಗುಗಂಟಲಿನ ಗೋಡೆಯಲ್ಲಿ, ಕುತ್ತಿಗೆಯ ಗ್ರಂಥಿಗಳಲ್ಲಿ ಉಳಿದಿರುತ್ತವೆ. ಅವನ್ನು ಮುಗಿಸುವುದು ವಿಕಿರಣ. ಅಲ್ಲಿಗೆ ಬಿಟ್ಟರೆ ಗಂಟು ಕೆಲವು ತಿಂಗಳಲ್ಲಿ ಮರಳಿ ಬರುತ್ತದೆ. ಎಲುಬು, ಶ್ವಾಸಕೋಶ, ಪಿತ್ತಜನಕಾಂಗಗಳಿಗೆ ಹಬ್ಬಿ ಬಂದರಂತೂ ವಾಸಿ ಮಾಡುವುದು ಬಹು ಕಠಿಣ.

ಪೂರ್ತಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕ ಇದೆ. ಅಮೆರಿಕದ ಮಕ್ಕಳ ಕ್ಯಾನ್ಸರ್ ವೈದ್ಯರ ಒಕ್ಕೂಟವೊಂದು 2006ರಿಂದ 2012ರವರೆಗೆ 111 ಮಕ್ಕಳನ್ನು ಹೀಗೆಯೇ, ಮೊದಲು ಕಿಮೊ ನಂತರ ವಿಕಿರಣ ಎಂಬ ಕ್ರಮದಲ್ಲಿ ನೋಡಿಕೊಂಡಿತು. ಹೆಚ್ಚಿನವರ ರೋಗ ಆಗಲೇ ಮುಂದುವರಿದ ಹಂತದಲ್ಲಿತ್ತು. ಆದರೂ ಐದು ವರ್ಷದ ನಂತರ ನೂರಕ್ಕೆ 89 ಮಕ್ಕಳು ಬದುಕಿದ್ದರು. ನೂರಕ್ಕೆ 84 ಮಕ್ಕಳಿಗೆ ರೋಗ ಮರಳಿರಲಿಲ್ಲ. 2019ರಲ್ಲಿ ಈ ವರದಿ ಅಚ್ಚಾಯಿತು. ಜರ್ಮನಿಯವರು ಕೊನೆಗೆ ಆರು ತಿಂಗಳು ಇಂಟರ್‌ಫೆರಾನ್ ಎಂಬ ಚುಚ್ಚುಮದ್ದನ್ನೂ ಕೂಡಿಸಿದರು, ಅವರ ಫಲವೂ ಒಳ್ಳೆಯದೇ. ಹೊರದೇಶದ ಲೆಕ್ಕ ನಮ್ಮ ಹಳ್ಳಿಗೆ ಹಾಗೆಯೇ ಕೂಡಲಿಕ್ಕಿಲ್ಲ ಎನ್ನುವಿರಿ, ಒಪ್ಪಿದೆ. ಆದರೆ ಔಷಧ ಅವೇ. ನಡುವೆ ಬಿಡದೆ ಮುಗಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಆ ಲೆಕ್ಕದಲ್ಲಿ ಇನ್ನೊಂದು ಮಾತು ಅಡಗಿದೆ, ಅದು ಮಕ್ಕಳಿಗೆ ಬಹಳ ಮುಖ್ಯ. ದೊಡ್ಡವರಿಗೆ ಈ ರೋಗದಲ್ಲಿ ಸುಮಾರು 70 ಗ್ರೇ ವಿಕಿರಣ ಕೊಡುತ್ತಾರೆ. ಗ್ರೇ ಎಂದರೆ ವಿಕಿರಣದ ಅಳತೆ, ಹಾಲಿಗೆ ಲೀಟರು ಇದ್ದಂತೆ. ಬೆಳೆಯುವ ಎಲುಬು, ಹಲ್ಲು, ಗ್ರಂಥಿಗಳಿಗೆ ಅಷ್ಟು ಹೆಚ್ಚು. ಆದ್ದರಿಂದ ಮಕ್ಕಳಲ್ಲಿ ಮೊದಲು ಕಿಮೊ ಕೊಟ್ಟು, ಗಡ್ಡೆ ಚೆನ್ನಾಗಿ ಕರಗಿದರೆ ವಿಕಿರಣವನ್ನು ಇಳಿಸುತ್ತಾರೆ. ಅಮೆರಿಕದ ಆ ಮಕ್ಕಳಲ್ಲಿ ಹಾಗೆ ಕರಗಿದವರಿಗೆ ಕೊಟ್ಟದ್ದು 61.2 ಗ್ರೇ. ಅಂದರೆ, ಅಜ್ಜಿ ಹೇಳಿದಂತೆ ಗಂಟು ಕರಗಿದ್ದು ಒಳ್ಳೆಯ ಸುದ್ದಿಯೇ; ಅದರಿಂದ ವಿಕಿರಣ ಕಡಿಮೆಯಾಗುತ್ತದೆ. ತಪ್ಪುವುದಿಲ್ಲ ಅಷ್ಟೇ.

ವಿಕಿರಣಕ್ಕೆ ನಮ್ಮಲ್ಲಿ ಕರೆಂಟ್ ಕೊಡುವುದು ಎನ್ನುತ್ತಾರೆ, ಮುಂಬಯಿಯ ಮರಾಠಿ ಜನ ಲೈಟ್ ಎನ್ನುತ್ತಾರೆ. ಅದು ಕರೆಂಟೂ ಅಲ್ಲ, ಲೈಟೂ ಅಲ್ಲ; ಎಕ್ಸ್-ರೇಯದೇ ಜಾತಿ, ಬಲ ಹೆಚ್ಚು. ಷಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವೂ ಇಲ್ಲ. ಮೊದಲು ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಬಲೆಯಂಥ ಹಾಳೆಯನ್ನು ಮುಖದ ಮೇಲೆ ಒತ್ತಿ ಮುಖವಾಡ ಮಾಡುತ್ತಾರೆ. ಪ್ರತಿದಿನ ಅದೇ ಮುಖವಾಡ ಹಾಕಿ ಮಲಗಿಸಿ ಮೇಜಿಗೆ ಬಿಗಿಯುತ್ತಾರೆ, ತಲೆ ಕೂದಲೆಳೆಯಷ್ಟೂ ಸರಿಯಬಾರದೆಂದು. ನಮ್ಮ ಹುಡುಗ ಮೊದಲ ದಿನ ಉಸಿರು ಕಟ್ಟಿತೆಂದು ಚೀರಿದ. ಎರಡನೆಯ ವಾರಕ್ಕೆ ಅದನ್ನು ಬಯಲಾಟದ ವೇಷ ಎಂದು ಕರೆಯುತ್ತಿದ್ದ. ದಿನಕ್ಕೆ ಸ್ವಲ್ಪ ಹೊತ್ತು, ವಾರಕ್ಕೆ ಐದು ದಿನ. ದಿನಕ್ಕೆ 1.8 ಗ್ರೇಯಂತೆ ಹಿಡಿದರೆ 61.2 ಗ್ರೇ ಮುಗಿಯಲು 34 ದಿನ, ರಜೆ ಕೂಡಿ ಏಳು ವಾರ.

ಈ ಏಳು ವಾರ ಊರಿಗೆ ಹೋಗಿ ಬರುತ್ತೇವೆ ಎನ್ನುವುದು ನಡೆಯದು. ಜಾತ್ರೆ, ಮದುವೆ, ಬಿತ್ತನೆ ಯಾವುದಕ್ಕೂ ನಡುವೆ ಬಿಡಬಾರದು. ದಿನ ಲಂಬಿಸಿದಷ್ಟೂ ಉಳಿದ ಜೀವಕೋಶಗಳು ಮತ್ತೆ ಚಿಗುರುತ್ತವೆ, ಗುಣವಾಗುವ ಸಂಭವ ಇಳಿಯುತ್ತದೆ. ಕಷ್ಟ ಶುರುವಾಗುವುದು ಎರಡು ಮೂರನೆಯ ವಾರದಲ್ಲಿ. ಬಾಯಿ, ಗಂಟಲು ಹುಣ್ಣಾಗುತ್ತದೆ, ಉಗುಳು ಬತ್ತುತ್ತದೆ, ರುಚಿ ಹೋಗುತ್ತದೆ. ನಮ್ಮ ಶೇಂಗಾ ಚಟ್ನಿ, ಕಟಕು ರೊಟ್ಟಿ ಬಂದ್. ಅಂಬಲಿ, ಹಾಲಿನಲ್ಲಿ ನೆನೆಸಿ ಹಿಸುಕಿದ ರೊಟ್ಟಿ, ನುಣ್ಣಗೆ ಕುದಿಸಿದ ಬೇಳೆ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಇವನ್ನು ಆರಿಸಿ ಗುಟುಕು ಗುಟುಕಾಗಿ ಕೊಡಬೇಕು. ಅದೂ ಇಳಿಯದಿದ್ದರೆ ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಹಾಕುತ್ತಾರೆ. ನಳಿಗೆ ಎಂದೊಡನೆ ಮನೆಯವರು ಅಳತೊಡಗುತ್ತಾರೆ. ಅದು ಕೊನೆಯ ಗುರುತಲ್ಲ, ತೂಕ ಇಳಿಯದಂತೆ, ಚಿಕಿತ್ಸೆ ನಿಲ್ಲದಂತೆ ಮಾಡಿದ ಉಪಾಯ.

ಹಳೆಯ ಯಂತ್ರಗಳಲ್ಲಿ ಅಗಲವಾಗಿ ಬೀಳುತ್ತಿದ್ದ ವಿಕಿರಣವನ್ನು ಈಗ ಗಡ್ಡೆಯ ಆಕಾರಕ್ಕೆ ಹೊಂದಿಸಿ ಕೊಡುವ ವಿಧಾನ ಬಂದಿದೆ, ಐಎಂಆರ್‌ಟಿ ಎನ್ನುತ್ತಾರೆ. ಇದೇ ರೋಗದ ಮಕ್ಕಳಲ್ಲಿ ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಿದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು, ಹೊಸದರಲ್ಲಿ ಚರ್ಮ, ಬಾಯಿ, ಗಂಟಲುಗಳ ಬಾಧೆ ಕಡಿಮೆ ಎಂದು 2008ರಲ್ಲಿ ವರದಿ ಮಾಡಿದ್ದಾರೆ. ಎಲ್ಲಿ ಹೋದರೂ ಆ ವಿಧಾನ ಅಲ್ಲಿದೆಯೋ ಎಂದು ಕೇಳುವುದು ನಿಮ್ಮ ಹಕ್ಕು.

ಎಲ್ಲಿಗೆ ಹೋಗಬೇಕು? ನಮ್ಮ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ, ಮೊದಲ ವಿಚಾರಣೆಗೆ ದೂರವಲ್ಲ. ಆದರೆ ಮಕ್ಕಳ ಕ್ಯಾನ್ಸರಿಗೆಂದೇ ಪ್ರತ್ಯೇಕ ವಿಭಾಗ ಇರುವಲ್ಲಿ ಒಮ್ಮೆಯಾದರೂ ತೋರಿಸಿ ಯೋಜನೆ ಬರೆಸಿಕೊಳ್ಳುವುದು ಮೇಲು: ಮುಂಬಯಿಯ ಪರೇಲದ ಟಾಟಾ, ಬೆಂಗಳೂರಿನ ಕಿದ್ವಾಯಿ. ನಮ್ಮ ಗಡಿಯವರಿಗೆ ಇಲ್ಲಿಯೇ ತೊಡಕು. ಭಾಷೆ ಬೆಂಗಳೂರಿನ ಕಡೆ ಎಳೆಯುತ್ತದೆ, ರೇಶನ್ ಕಾರ್ಡು ಮುಂಬಯಿಯ ಕಡೆ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಯೋಜನೆಯ ಕಾರ್ಡು ಹಿಡಿದು ಕರ್ನಾಟಕದ ಆಸ್ಪತ್ರೆಗೆ ಹೋಗಿ, ಅದು ನಡೆಯದೆಂದು ಕೌಂಟರಿನಲ್ಲಿ ತಿಳಿದು ಮರಳಿದವರನ್ನು ನಾನು ಬಲ್ಲೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತದ ಕಾರ್ಡು ಇದ್ದರೆ, ಆ ಪಟ್ಟಿಯಲ್ಲಿರುವ ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಹೊರಡುವ ಮೊದಲು ನಿಮ್ಮ ಕಾರ್ಡು ಯಾವುದು, ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿರಿ. ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು, ಅದಕ್ಕೆ ಆಸ್ಪತ್ರೆ ಬರೆದುಕೊಟ್ಟ ಖರ್ಚಿನ ಅಂದಾಜು ಪತ್ರ ಬೇಕು.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ಮಾಫಿ. ಆಸ್ಪತ್ರೆಯ ವೈದ್ಯರು ಸಹಿ ಮಾಡಿದ ಫಾರ್ಮು ಬೇಕು. ನಮ್ಮ ಹುಡುಗನ ಅಪ್ಪ ಮೊದಲ ಮೂರು ಸಲ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಪೂರಾ ಹಣ ತೆತ್ತಿದ್ದ, ಯಾರೂ ಹೇಳಿರಲಿಲ್ಲ. ಮುಂಬಯಿಯಲ್ಲಿ ಇಳಿದುಕೊಳ್ಳಲು ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆ ಇದೆ. ಕ್ಯಾನ್ಸರ್ ಬಂದ ಮಕ್ಕಳೂ ತಂದೆತಾಯಿಯೂ ಕೂಡಿ ಪುಕ್ಕಟೆ ಇರಲು ಸೇಂಟ್ ಜೂಡ್ ಎಂಬ ಸಂಸ್ಥೆಯ ಮನೆಗಳಿವೆ. ಆಸ್ಪತ್ರೆಯ ಸಮಾಜಸೇವಾ ವಿಭಾಗದ ಮೂಲಕವೇ ಅಲ್ಲಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ಮೊದಲು ಹುಡುಕಬೇಕಾದದ್ದು ಆ ವಿಭಾಗದ ಬಾಗಿಲನ್ನೇ.

ಚಿಕಿತ್ಸೆ ಮುಗಿದ ಮೇಲೂ ಖಾತೆ ನಡೆಯುತ್ತದೆ. ರೋಗ ಮರಳುವುದಾದರೆ ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ, ಆದ್ದರಿಂದ ಆಗ ಕೆಲವು ತಿಂಗಳಿಗೊಮ್ಮೆ ಹೋಗಲೇಬೇಕು. ರೋಗ ಹೋದರೂ ಚಿಕಿತ್ಸೆಯ ಗುರುತು ಉಳಿಯುತ್ತದೆ. ಸಿಸ್‌ಪ್ಲಾಟಿನ್ನಿನಿಂದಲೂ ವಿಕಿರಣದಿಂದಲೂ ಕಿವಿ ಸ್ವಲ್ಪ ಕಳೆಯಬಹುದು; ತೆಳು ದನಿಗಳು, ಹಕ್ಕಿಯ ಚಿಲಿಪಿಲಿ, ಸಕಾರದ ಅಕ್ಷರಗಳು ಮೊದಲು ಹೋಗುತ್ತವೆ. ಶಾಲೆಯಲ್ಲಿ ಮುಂದಿನ ಬೆಂಚು ಕೇಳಿರಿ, ಬೇಕಾದರೆ ಯಂತ್ರ ಹಾಕಿಸಿರಿ. ಕುತ್ತಿಗೆಯ ಥೈರಾಯಿಡ್ ಗ್ರಂಥಿ ವರ್ಷಗಳ ನಂತರ ಸೋಮಾರಿಯಾಗಬಹುದು. ಮಗು ಮಂಕಾದರೆ, ಮೈ ಊದಿದರೆ ಸುಮ್ಮನಿರಬೇಡಿರಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ದಿನಕ್ಕೊಂದು ಗುಳಿಗೆಯಿಂದ ಅದು ಸರಿಹೋಗುತ್ತದೆ. ಮೆದುಳಿನ ತಳದ ಗ್ರಂಥಿಗೂ ವಿಕಿರಣ ತಾಗುವುದರಿಂದ ಎತ್ತರ ಬೆಳೆಯುವುದು, ಮೈನೆರೆಯುವುದು ತಡವಾಗಬಹುದು. ವೈದ್ಯರು ಎತ್ತರ ಅಳೆಯುವುದು ಸುಮ್ಮನೆ ಅಲ್ಲ. ದವಡೆ ಬಿಗಿದು ಬಾಯಿ ಪೂರ್ತಿ ತೆರೆಯದಂತಾಗಬಹುದು. ಅದಕ್ಕೆ ನಮ್ಮ ಹುಡುಗನಿಗೆ ಕಲಿಸಿದ್ದು ಐಸ್‌ಕ್ರೀಮಿನ ಕಡ್ಡಿಗಳ ವ್ಯಾಯಾಮ. ಹಲ್ಲುಗಳ ನಡುವೆ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು, ವಾರ ವಾರಕ್ಕೆ ಒಂದೊಂದು ಹೆಚ್ಚಿಸುವುದು. ಬೀದಿಯ ಮಕ್ಕಳೆಲ್ಲ ಅವನಿಗಾಗಿ ಕಡ್ಡಿ ಕೂಡಿಸಿ ತಂದರು.

ಎಲ್ಲಕ್ಕಿಂತ ಜನ ಮರೆಯುವುದು ಹಲ್ಲು. ಉಗುಳು ಕಡಿಮೆಯಾದ್ದರಿಂದ ಹಲ್ಲು ಬೇಗ ಹುಳುಕುತ್ತದೆ. ವಿಕಿರಣ ತಾಗಿದ ದವಡೆಯ ಎಲುಬಿಗೆ ರಕ್ತ ಕಡಿಮೆ, ಹಲ್ಲು ಕಿತ್ತ ಗಾಯ ಮಾಯುವುದಿಲ್ಲ, ಎಲುಬೇ ಕೊಳೆಯಬಹುದು. ಆದ್ದರಿಂದ ಕೀಳಬೇಕಾದ ಹಲ್ಲುಗಳನ್ನು ವಿಕಿರಣದ ಮೊದಲೇ ಕೀಳುತ್ತಾರೆ. ಆಮೇಲೆ ಜೀವನಪೂರ್ತಿ, ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂಡುವ ಮೊದಲು "ನನ್ನ ದವಡೆಗೆ ವಿಕಿರಣ ಕೊಟ್ಟಿದ್ದಾರೆ" ಎಂದು ಹೇಳಲೇಬೇಕು. ಇಪ್ಪತ್ತು ವರ್ಷ ಆದ ಮೇಲೂ ಹೇಳಬೇಕು.

ಆದ್ದರಿಂದ ಕಾಗದಗಳು. ಚೂರಿನ ವರದಿ, ಯಾವ ಔಷಧ ಎಷ್ಟು ಕೊಟ್ಟರು, ಎಷ್ಟು ಗ್ರೇ ವಿಕಿರಣ, ಯಾವ ಭಾಗಕ್ಕೆ, ಕೊನೆಯ ದಿನಾಂಕ, ಇವಿಷ್ಟು ಇರುವ ಸಾರಾಂಶ ಪತ್ರವನ್ನು ಬಿಡುಗಡೆಯ ದಿನ ಕೇಳಿ ಪಡೆಯಿರಿ. ಎರಡು ಝೆರಾಕ್ಸ್ ಮಾಡಿಸಿ, ಮೂಲವನ್ನು ಟ್ರಂಕಿನಲ್ಲಿಡಿರಿ. ಮಳೆಗಾಲದಲ್ಲಿ ನಮ್ಮ ಮಾಳಿಗೆಗಳು ಸೋರುತ್ತವೆ, ಪ್ಲಾಸ್ಟಿಕ್ ಚೀಲ ಮರೆಯಬೇಡಿರಿ.

ನಮ್ಮ ಹುಡುಗನಿಗೆ 2023ರಲ್ಲಿ ದವಡೆಹಲ್ಲು ಜೋರಾಗಿ ನೋಯತೊಡಗಿತು. ಪೇಟೆಯ ಹಲ್ಲಿನ ವೈದ್ಯರು ನೋಡಿ, ಕಿತ್ತರೆ ಐದು ನಿಮಿಷದ ಕೆಲಸ ಎಂದು ಚಿಮಟಿಗೆ ಎತ್ತಿದರು. ಹುಡುಗ ಕೈ ಅಡ್ಡ ಹಿಡಿದು, ಅಂಗಿಯ ಕಿಸೆಯಿಂದ ಆ ಝೆರಾಕ್ಸ್ ತೆಗೆದು ಕೊಟ್ಟ. ವೈದ್ಯರು ಓದಿದರು, ಚಿಮಟಿಗೆಯನ್ನು ತಾಟಿನಲ್ಲಿಟ್ಟು ಮುಂಬಯಿಗೆ ಫೋನು ಮಾಡಿದರು. ಕೀಳದೆ ಬೇರಿನೊಳಗೆ ಶುದ್ಧ ಮಾಡಿ ತುಂಬಿದರು. ಮೂರು ಸಲ ಹೋಗಬೇಕಾಯಿತು. ಹಲ್ಲು ಇನ್ನೂ ಅವನ ಬಾಯಲ್ಲೇ ಇದೆ.